ಹಳೆಯ ಮನೆಯ ದೀಪಗಳನ್ನು ಎಲ್‌ಇಡಿಗೆ ಬದಲಾಯಿಸಿದ ಮೇಲೆ ಬಲ್ಬುಗಳು ಪದೇ ಪದೇ ಕೆಡುತ್ತಿವೆ: ದೋಷ ಬಲ್ಬಿನದೋ, ಮನೆಯದೋ?

ಪ್ರಶ್ನೆ
ಬರೆದವರು: ಜಗುಲಿಮನೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಹಿರಿಯರ ಮನೆಗೆ ವಿದ್ಯುತ್ ಸಂಪರ್ಕ ಬಂದು ಸುಮಾರು ಐವತ್ತು ವರ್ಷಗಳಾಗಿವೆ. ಮರದ ರೀಪಿನ ಮೇಲೆ ತಂತಿ ಎಳೆದು ಮಾಡಿದ ಅಂದಿನ ವೈರಿಂಗ್ ಜಗುಲಿ, ನಡುಮನೆ ಮತ್ತು ಕೊಟ್ಟಿಗೆಯಲ್ಲಿ ಇಂದಿಗೂ ಹಾಗೆಯೇ ಇದೆ. ಅಡುಗೆಮನೆ ಮತ್ತು ಮಹಡಿಯ ಭಾಗವನ್ನು ಮಾತ್ರ ಹದಿನೈದು ವರ್ಷಗಳ ಹಿಂದೆ ಪೈಪಿನೊಳಗೆ ಹೊಸದಾಗಿ ಮಾಡಿಸಿದ್ದೇವೆ. ಸಂಪರ್ಕ ಮೂರು ಫೇಸಿನದು. ಕಳೆದ ದೀಪಾವಳಿಯ ಸಮಯದಲ್ಲಿ ನಾನು ಊರಿಗೆ ಹೋದಾಗ ಮನೆಯಲ್ಲಿದ್ದ ಹನ್ನೆರಡು ಹಳೆಯ ಬಲ್ಬುಗಳನ್ನು ತೆಗೆದು 9 ವಾಟ್‌ನ ಎಲ್‌ಇಡಿ ಬಲ್ಬುಗಳನ್ನು ಹಾಕಿ ಬಂದೆ. ಎಂಟು ತಿಂಗಳಲ್ಲಿ ಅವುಗಳಲ್ಲಿ ಐದು ಕೆಟ್ಟುಹೋಗಿವೆ. ಬಚ್ಚಲುಮನೆಯಲ್ಲಿ ಹಂಡೆಯ ಒಲೆಯ ಮೇಲ್ಭಾಗದ ಗಾಜಿನ ಗೋಳದೊಳಗೆ ಹಾಕಿದ್ದು ಎರಡು ಬಾರಿ ಹೋಯಿತು. ಉಳಿದ ಮೂರು ಕೊಟ್ಟಿಗೆಯ ಸಾಲಿನವು.

ಇನ್ನೊಂದು ವಿಚಿತ್ರವೆಂದರೆ ಜಗುಲಿಯ ಬಲ್ಬು ಸ್ವಿಚ್ ಆರಿಸಿದ ಮೇಲೂ ಮಿಂಚುಹುಳದಂತೆ ಮಂದವಾಗಿ ಬೆಳಗುತ್ತಿರುತ್ತದೆ. ಕತ್ತಲೆಯಲ್ಲಿ ನೋಡಿದರೆ ಮಾತ್ರ ತಿಳಿಯುತ್ತದೆ. ತಂದೆಯವರು ಇದನ್ನೆಲ್ಲ ನೋಡಿ, ಹತ್ತು ರೂಪಾಯಿಯ ಬುರುಡೆ ಬಲ್ಬು ಎರಡು ವರ್ಷ ಉರಿಯುತ್ತಿತ್ತು, ಇದೇನು ನಿಮ್ಮ ಹೊಸ ದೀಪ ಎಂದು ದೂರವಾಣಿಯಲ್ಲಿ ಪ್ರತಿ ವಾರ ಕೇಳುತ್ತಾರೆ. ಬಾವಿಯ ಮೋಟಾರು ಹಾಕಿದೊಡನೆ ನಡುಮನೆಯ ಬಲ್ಬು ಮಂಕಾಗಿ, ಕೊಟ್ಟಿಗೆಯ ಬಲ್ಬು ಮೊದಲಿಗಿಂತ ಜೋರಾಗಿ ಉರಿಯುತ್ತಿತ್ತು, ಈಗ ಹಾಗೆ ಆಗುವುದಿಲ್ಲ ಎಂದೂ ಅವರು ಹೇಳಿದರು. ಅದೊಂದು ಒಳ್ಳೆಯ ಸುಧಾರಣೆ ಎಂದೇ ನಾನು ಭಾವಿಸಿದ್ದೇನೆ.

ತಾಯಿಯವರಿಗೆ 72 ವರ್ಷ. ಎರಡೂ ಕಣ್ಣುಗಳಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಬಿಳಿಯ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಆದರೂ ಅಕ್ಕಿಯಲ್ಲಿನ ಕಲ್ಲು ಕಾಣುವುದಿಲ್ಲ ಎನ್ನುತ್ತಾರೆ. ಮನೆಯಲ್ಲಿ ಹಳೆಯ ಚೋಕ್‌ನ ಆರು ಟ್ಯೂಬ್‌ಲೈಟುಗಳೂ ಒಂದು ಇನ್ವರ್ಟರ್ ಕೂಡ ಇವೆ. ಗೃಹಜ್ಯೋತಿಯಲ್ಲಿ ನಮಗೆ ನಿಗದಿಯಾಗಿರುವ ಮಿತಿ ತಿಂಗಳಿಗೆ 90 ಯೂನಿಟ್. ಬೇಸಿಗೆಯಲ್ಲಿ ಅದು ಹತ್ತು ಹದಿನೈದು ಯೂನಿಟ್ ಮೀರುತ್ತದೆ. ಉಳಿದ ದೀಪಗಳನ್ನೂ ಬದಲಾಯಿಸಬೇಕೇ, ಬದಲಾಯಿಸುವುದಾದರೆ ಯಾವುದನ್ನು ಆರಿಸಬೇಕು, ಅದಕ್ಕಿಂತ ಮುಖ್ಯವಾಗಿ ಇವು ಏಕೆ ಕೆಡುತ್ತಿವೆ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ 1
ಬರೆದವರು: ನಿವೃತ್ತ ಇಂಜಿನಿಯರ್, ಹಾಸನ

ತಮ್ಮ ತಂದೆಯವರು ಹೇಳಿದ ಮೋಟಾರಿನ ಮಾತಿನಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ತಾವು ಸುಧಾರಣೆ ಎಂದುಕೊಂಡಿರುವುದು ವಾಸ್ತವವಾಗಿ ಅಪಾಯದ ಸೂಚನೆ. ಮೋಟಾರು ಚಾಲೂ ಆದಾಗ ಎಲ್ಲ ದೀಪಗಳೂ ಒಂದಿಷ್ಟು ಮಂಕಾದರೆ ಅದು ಸಾಮಾನ್ಯ ಸಂಗತಿ. ತಂತಿ ತೆಳುವಾಗಿದೆ ಅಥವಾ ಟ್ರಾನ್ಸ್‌ಫಾರ್ಮರ್ ದೂರವಿದೆ ಎಂದಷ್ಟೇ ಅರ್ಥ. ಆದರೆ ಒಂದು ಕಡೆಯ ದೀಪ ಮಂಕಾಗಿ ಇನ್ನೊಂದು ಕಡೆಯ ದೀಪ ಜೋರಾದರೆ, ಮೂರು ಫೇಸಿನ ಮನೆಯಲ್ಲಿ ಅದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ: ನ್ಯೂಟ್ರಲ್ ತಂತಿ, ಅಂದರೆ ವಿದ್ಯುತ್ ಮರಳಿ ಹೋಗುವ ತಂತಿ, ಎಲ್ಲೋ ಸಡಿಲವಾಗಿದೆ. ನ್ಯೂಟ್ರಲ್ ಗಟ್ಟಿಯಾಗಿದ್ದಾಗ ಪ್ರತಿ ಫೇಸಿಗೂ ಸುಮಾರು 230 ವೋಲ್ಟ್ ಹಂಚಿಕೆಯಾಗುತ್ತದೆ. ಅದು ಸಡಿಲವಾದರೆ ಹೆಚ್ಚು ಹೊರೆಯಿರುವ ಫೇಸಿನಲ್ಲಿ ವೋಲ್ಟೇಜ್ ಕುಸಿದು, ಕಡಿಮೆ ಹೊರೆಯಿರುವ ಫೇಸಿನಲ್ಲಿ ಏರುತ್ತದೆ. ಪೂರ್ತಿ ಕಡಿದುಹೋದರೆ 400 ವೋಲ್ಟ್‌ನ ಹತ್ತಿರಕ್ಕೂ ಹೋಗಬಹುದು. ತಮ್ಮ ಕೊಟ್ಟಿಗೆಯ ಸಾಲಿನಲ್ಲಿ ಒಂದೆರಡು ಬಲ್ಬುಗಳ ವಿನಾ ಬೇರೆ ಹೊರೆ ಇರಲಿಕ್ಕಿಲ್ಲ. ಮೂರು ಬಲ್ಬುಗಳು ಅಲ್ಲಿಯೇ ಕೆಟ್ಟದ್ದು ಆಕಸ್ಮಿಕವಲ್ಲ.

ಈಗ ಹಾಗೆ ಏಕೆ ಕಾಣುತ್ತಿಲ್ಲ ಎಂದರೆ, ಎಲ್‌ಇಡಿ ಬಲ್ಬಿನ ಬುಡದಲ್ಲಿ ಡ್ರೈವರ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಮಂಡಲವಿದೆ. ಒಳಬರುವ ವೋಲ್ಟೇಜ್ 150 ಇರಲಿ, 270 ಇರಲಿ, ಒಳ್ಳೆಯ ಡ್ರೈವರ್ ಬೆಳಕು ಕೊಡುವ ಚಿಪ್‌ಗಳಿಗೆ ಒಂದೇ ಪ್ರಮಾಣದ ವಿದ್ಯುತ್ತನ್ನು ಕೊಡುತ್ತಿರುತ್ತದೆ, ಹಾಗಾಗಿ ಬೆಳಕು ಬದಲಾಗುವುದಿಲ್ಲ. ತಂತಿಯ ಬಲ್ಬಿನಲ್ಲಾದರೋ ವೋಲ್ಟೇಜ್ ಶೇಕಡಾ 10ರಷ್ಟು ಏರಿದರೆ ಬೆಳಕು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ, ಆಯುಷ್ಯ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಆ ಬುರುಡೆ ಬಲ್ಬು ಮನೆಗೊಂದು ಪುಕ್ಕಟೆ ವೋಲ್ಟ್‌ಮೀಟರ್ ಕೂಡ ಆಗಿತ್ತು. ಎಲ್‌ಇಡಿ ಏನನ್ನೂ ತೋರಿಸದೆ ಸಹಿಸಿಕೊಂಡು, ಒಂದು ದಿನ ಒಮ್ಮೆಲೇ ಸಾಯುತ್ತದೆ. ಆದ್ದರಿಂದ ಮುಂದಿನ ಬಲ್ಬು ಕೊಳ್ಳುವ ಮೊದಲು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಮೀಟರ್ ಬೋರ್ಡಿನಿಂದ ಮೇನ್ ಸ್ವಿಚ್‌ವರೆಗಿನ ನ್ಯೂಟ್ರಲ್ ಜೋಡಣೆಗಳನ್ನೆಲ್ಲ ಪರೀಕ್ಷಿಸಲು ಹೇಳಿ. ಮನೆಯೊಳಗೆ ದೋಷ ಸಿಗದಿದ್ದರೆ ಕಂಬದ ಮೇಲಿನ ಜೋಡಣೆಯನ್ನು ನೋಡಲು ಲೈನ್‌ಮನ್‌ಗೆ ತಿಳಿಸಿ. ಕಂಬಕ್ಕೆ ತಾವಾಗಲಿ ತಮ್ಮ ಎಲೆಕ್ಟ್ರಿಷಿಯನ್ ಆಗಲಿ ಕೈಹಾಕಬಾರದು. ಇದು ದೀಪಕ್ಕಷ್ಟೇ ಸಂಬಂಧಿಸಿದ ವಿಷಯವಲ್ಲ. ಅದೇ ಫೇಸಿನಲ್ಲಿ ಫ್ರಿಜ್ ಇದ್ದರೆ ಅದಕ್ಕೂ ಇದೇ ಗತಿಯಾಗುತ್ತದೆ.

ಬಚ್ಚಲುಮನೆಯ ಬಲ್ಬಿನ ಕಥೆ ಬೇರೆ. ಎಲ್‌ಇಡಿ ತಣ್ಣಗಿನ ದೀಪ ಎಂಬ ಮಾತು ಅರ್ಧ ಮಾತ್ರ ನಿಜ. ಅದು ಸೇವಿಸುವ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ಈಗಲೂ ಶಾಖವೇ ಆಗುತ್ತದೆ, ಮತ್ತು ಆ ಶಾಖ ಬಲ್ಬಿನ ಹೊರಮೈ ಮೂಲಕ ಗಾಳಿಗೆ ಹೋಗಲೇಬೇಕು. ಮುಚ್ಚಿದ ಗೋಳದೊಳಗೆ ಗಾಳಿಯಾಡುವುದಿಲ್ಲ. ಕೆಳಗೆ ಹಂಡೆಯ ಒಲೆಯ ಉರಿ, ಸುತ್ತ ಹಬೆ. ಡ್ರೈವರ್‌ನೊಳಗೆ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಕೆಪಾಸಿಟರ್ ಎಂಬ ಬಿಡಿಭಾಗದ ಆಯುಷ್ಯ ಪ್ರತಿ 10 ಡಿಗ್ರಿ ಉಷ್ಣಾಂಶ ಹೆಚ್ಚಿದಂತೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವ 25,000 ಗಂಟೆ ಎಂಬುದು ಗಾಳಿಯಾಡುವ ತೆರೆದ ಹೋಲ್ಡರಿನ ಲೆಕ್ಕವೆಂದು ತಿಳಿಯಬೇಕು. ಅಲ್ಲಿಯ ಗೋಳವನ್ನು ತೆಗೆದು, ತೇವ ಒಳಹೋಗದಂತೆ ಮಾಡಿದ ಸಣ್ಣ ಎಲ್‌ಇಡಿ ದೀಪವೊಂದನ್ನು ಒಲೆಯಿಂದ ದೂರದ ಎದುರು ಗೋಡೆಗೆ ಹಾಕಿಸಿ. ಗೋಳವನ್ನು ಉಳಿಸಿಕೊಳ್ಳಲೇಬೇಕೆಂದರೆ 5 ವಾಟ್‌ಗಿಂತ ಹೆಚ್ಚಿನದನ್ನು ಅದರೊಳಗೆ ಹಾಕಬೇಡಿ.

ಜಗುಲಿಯ ಬಲ್ಬು ಆರಿಸಿದ ಮೇಲೂ ಮಿನುಗುವುದಕ್ಕೆ ಎರಡು ಕಾರಣಗಳಿರಬಹುದು. ಸ್ವಿಚ್ಚಿನಲ್ಲಿ ಪುಟ್ಟ ಕೆಂಪು ಸೂಚಕ ದೀಪವಿದ್ದರೆ ಅದರ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತೇ ಎಲ್‌ಇಡಿಯನ್ನು ಬೆಳಗಿಸಲು ಸಾಕಾಗುತ್ತದೆ. ಇದರಿಂದ ಹಾನಿಯೇನೂ ಇಲ್ಲ. ಸೂಚಕ ದೀಪವಿಲ್ಲದಿದ್ದರೆ, ಹಳೆಯ ವೈರಿಂಗ್‌ನಲ್ಲಿ ಸ್ವಿಚ್ಚನ್ನು ವಿದ್ಯುತ್ ಬರುವ ಫೇಸ್ ತಂತಿಗೆ ಬದಲಾಗಿ ನ್ಯೂಟ್ರಲ್‌ಗೆ ಕೊಟ್ಟಿರುವ ಸಾಧ್ಯತೆ ಬಲವಾಗಿದೆ. ಆಗ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಫೇಸ್ ಇದ್ದೇ ಇರುತ್ತದೆ. ಐವತ್ತು ವರ್ಷಗಳಿಂದ ಆ ಹೋಲ್ಡರಿಗೆ ಬಲ್ಬು ಹಾಕುತ್ತ ಬಂದವರಿಗೆ ಶಾಕ್ ಹೊಡೆಯದಿದ್ದುದು ಅವರ ಅದೃಷ್ಟ. ಎಲೆಕ್ಟ್ರಿಷಿಯನ್ ಬಂದಾಗ ಹಳೆಯ ಭಾಗದ ಪ್ರತಿಯೊಂದು ಸ್ವಿಚ್ಚನ್ನೂ ಟೆಸ್ಟರಿನಿಂದ ನೋಡಿಸಿ. ಅಲ್ಲಿಯವರೆಗೆ ಮೇನ್ ಸ್ವಿಚ್ ಆರಿಸದೆ ಯಾವ ಬಲ್ಬನ್ನೂ ಬದಲಾಯಿಸಬೇಡಿ.

ಟ್ಯೂಬ್‌ಲೈಟುಗಳ ಬಗ್ಗೆ: ನನ್ನ ಅಭಿಪ್ರಾಯದಲ್ಲಿ ತಾವು ಮೊದಲು ಬದಲಾಯಿಸಬೇಕಾಗಿದ್ದುದೇ ಅವುಗಳನ್ನು. ಹಳೆಯ 40 ವಾಟ್‌ನ ಟ್ಯೂಬ್ ಎಂದರೆ ಚೋಕ್ ನುಂಗುವುದೂ ಸೇರಿ 50 ವಾಟ್‌ನಷ್ಟಾಗುತ್ತದೆ. 20 ವಾಟ್‌ನ ಎಲ್‌ಇಡಿ ಪಟ್ಟಿಯಿಂದ ಅದರ ಹತ್ತಿರ ಹತ್ತಿರದ ಬೆಳಕು ಬರುತ್ತದೆ, ಅದೂ ಕೆಳಮುಖವಾಗಿ. ಅಂಗಡಿಯಲ್ಲಿ ಹಳೆಯ ಫಿಟ್ಟಿಂಗ್‌ಗೇ ಸಿಕ್ಕಿಸಬಹುದಾದ ಎಲ್‌ಇಡಿ ಟ್ಯೂಬುಗಳೂ ಸಿಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಒಂದೇ ತುದಿಯಿಂದ, ಕೆಲವಕ್ಕೆ ಎರಡೂ ತುದಿಗಳಿಂದ ವಿದ್ಯುತ್ ಕೊಡಬೇಕಾಗುತ್ತದೆ. ಚೋಕ್ ಮತ್ತು ಸ್ಟಾರ್ಟರ್ ತೆಗೆದು ಒಳಗಿನ ತಂತಿ ಬದಲಾಯಿಸಬೇಕಾಗುತ್ತದೆ. ಮುಂದೊಂದು ದಿನ ಯಾರೋ ಅರಿಯದೆ ಮತ್ತೆ ಹಳೆಯ ಟ್ಯೂಬನ್ನೇ ಅದಕ್ಕೆ ಸಿಕ್ಕಿಸುತ್ತಾರೆ. ಈ ರಗಳೆ ಬೇಡ. ಫಿಟ್ಟಿಂಗ್ ಸಮೇತ ತೆಗೆದು ಹೊಸ ಪಟ್ಟಿಯನ್ನೇ ಹಾಕಿಸಿ. ಹಳೆಯ ತಾಮ್ರದ ಚೋಕುಗಳಿಗೆ ಗುಜರಿಯವನು ಒಳ್ಳೆಯ ಬೆಲೆ ಕೊಡುತ್ತಾನೆ.

ಇನ್ವರ್ಟರ್ ವಿಷಯದಲ್ಲಿ ಇದರ ಲಾಭ ಬೇಗ ಕಾಣುತ್ತದೆ. 12 ವೋಲ್ಟ್, 150 ಆಂಪಿಯರ್-ಅವರ್‌ನ ಬ್ಯಾಟರಿಯಿಂದ ನಷ್ಟಗಳನ್ನು ಕಳೆದು ಸುಮಾರು 1,200 ವಾಟ್-ಗಂಟೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಹಳೆಯ ಟ್ಯೂಬ್ ಮತ್ತು ಎರಡು ಫ್ಯಾನ್ ಹಾಕಿದರೆ 350 ವಾಟ್, ಅಂದರೆ ಮೂರೂವರೆ ಗಂಟೆಯೊಳಗೆ ಬ್ಯಾಟರಿ ಖಾಲಿ. ಟ್ಯೂಬುಗಳ ಜಾಗದಲ್ಲಿ ಎಲ್‌ಇಡಿ ಪಟ್ಟಿ ಬಂದರೆ 230 ವಾಟ್. ಐದು ಗಂಟೆ ದಾಟುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ ರಾತ್ರಿಗಳಲ್ಲಿ ಮಲೆನಾಡಿನವರಿಗೆ ಈ ವ್ಯತ್ಯಾಸವನ್ನು ನಾನು ವಿವರಿಸಬೇಕಾಗಿಲ್ಲ.

ಉತ್ತರ 2
ಬರೆದವರು: ರಿಪೇರಿ ಅಂಗಡಿ, ಹುಬ್ಬಳ್ಳಿ

ಹಿರಿಯರು ಹೇಳಿದ್ದಕ್ಕೆ ಮೇಜಿನ ಮೇಲೆ ಕಂಡ ಒಂದೆರಡು ಸಂಗತಿಗಳನ್ನು ಸೇರಿಸುತ್ತೇನೆ. ಕೆಟ್ಟ ಬಲ್ಬಿನ ಬಿಳಿಯ ಪ್ಲಾಸ್ಟಿಕ್ ಟೊಪ್ಪಿಗೆಯನ್ನು ತೆಗೆದು ನೋಡಿದರೆ ಒಳಗಿನ ಅಲ್ಯೂಮಿನಿಯಂ ತಟ್ಟೆಯ ಮೇಲೆ ಹಳದಿ ಚೌಕಗಳಂತಹ ಚಿಪ್‌ಗಳು ಕಾಣುತ್ತವೆ. ಅವು ಹೂವಿನ ಸರದಂತೆ ಒಂದರ ಹಿಂದೊಂದು ಜೋಡಣೆಯಾಗಿರುವುದರಿಂದ ಒಂದು ಸುಟ್ಟರೂ ಇಡೀ ಬಲ್ಬು ಆರುತ್ತದೆ. ಸುಟ್ಟ ಚಿಪ್‌ನ ನಡುವೆ ಸಾಸಿವೆಗಿಂತ ಚಿಕ್ಕದಾದ ಕಪ್ಪು ಚುಕ್ಕೆ ಇರುತ್ತದೆ. ಅನೇಕರು ಅದರ ಎರಡು ತುದಿಗಳನ್ನು ಬೆಸುಗೆ ಹಾಕಿ ಕೂಡಿಸಿ ಬಲ್ಬನ್ನು ಮತ್ತೆ ಉರಿಸುತ್ತಾರೆ, ನಾವೂ ಮಾಡಿಕೊಡುತ್ತೇವೆ. ಆದರೆ ಗಿರಾಕಿಗೆ ಹೇಳಿಯೇ ಮಾಡಿಕೊಡುತ್ತೇವೆ, ಏಕೆಂದರೆ ಅಗ್ಗದ ಡ್ರೈವರ್ ಇರುವ ಬಲ್ಬಿನಲ್ಲಿ ಉಳಿದ ಚಿಪ್‌ಗಳ ಮೇಲೆ ಹೊರೆ ಹೆಚ್ಚಿ ಸ್ವಲ್ಪ ದಿನಗಳಲ್ಲಿ ಮುಂದಿನದು ಸುಡುತ್ತದೆ.

ಪ್ರಶ್ನೆ ಕೇಳಿದವರು ಕೆಟ್ಟ ಬಲ್ಬುಗಳನ್ನು ಎಸೆದಿಲ್ಲವಾದರೆ ತೆರೆದು ನೋಡಲಿ, ಆದರೆ ಹೋಲ್ಡರಿನಿಂದ ಹೊರತೆಗೆದ ಮೇಲೆ ಮಾತ್ರ. ಚಿಪ್‌ನಲ್ಲಿ ಕಪ್ಪು ಚುಕ್ಕೆ ಇದ್ದು ತಟ್ಟೆ ಕಂದುಬಣ್ಣಕ್ಕೆ ತಿರುಗಿದ್ದರೆ ಶಾಖದಿಂದ ಹೋಗಿದೆ. ಚಿಪ್‌ಗಳೆಲ್ಲ ಚೆನ್ನಾಗಿದ್ದು ಬುಡದಲ್ಲಿ ಸುಟ್ಟ ವಾಸನೆ ಇದ್ದರೆ, ಅಥವಾ ಕೆಪಾಸಿಟರ್‌ನ ತಲೆ ಉಬ್ಬಿದ್ದರೆ, ವೋಲ್ಟೇಜ್ ಏರಿದ್ದಕ್ಕೋ ಸಿಡಿಲಿಗೋ ಹೋಗಿರುವ ಸಂಭವ ಹೆಚ್ಚು. ಕೊಟ್ಟಿಗೆಯ ಮೂರೂ ಎರಡನೆಯ ಬಗೆಯವೇ ಇರಬೇಕೆಂದು ನನ್ನ ಊಹೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಮೂರು ಸಂಗತಿ ನೋಡಿ. ಮಾನಕ ಸಂಸ್ಥೆಯ ಗುರುತಿನೊಂದಿಗೆ ಐಎಸ್ 16102 ಎಂಬ ಸಂಖ್ಯೆ ಮತ್ತು ಆರ್ ಅಕ್ಷರದಿಂದ ಪ್ರಾರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ವಾಟ್ ಜೊತೆಗೆ ಲುಮೆನ್ ಎಷ್ಟೆಂದು ಬರೆದಿರಬೇಕು. ಬೆಳಕಿನ ಅಳತೆ ಅದೇ, ವಾಟ್ ಅಲ್ಲ. ಮೂರನೆಯದಾಗಿ ಎಷ್ಟು ವೋಲ್ಟ್‌ನಿಂದ ಎಷ್ಟು ವೋಲ್ಟ್‌ವರೆಗೆ ತಡೆಯುತ್ತದೆ ಎಂಬುದಿರಬೇಕು. ಹಳ್ಳಿಗಳಿಗೆ 100ರಿಂದ 300 ಎಂದಿರುವುದನ್ನೇ ಕೊಡಿ ಎಂದು ಕೇಳಿ. ಸಂತೆಯಲ್ಲಿ ಚೀಲದಲ್ಲಿ ಸುರಿದು ಮಾರುವ ಬಲ್ಬುಗಳಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ. ತೆರೆದು ನೋಡಿದರೆ ಡ್ರೈವರ್ ಎಂಬ ಹೆಸರಿಗೆ ಒಂದು ಕೆಪಾಸಿಟರ್, ನಾಲ್ಕು ಡಯೋಡ್ ಮಾತ್ರ ಇರುತ್ತವೆ. ಅಂಥದರ ಬೆಳಕನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ಕಪ್ಪು ಪಟ್ಟೆಗಳು ಓಡಾಡುವುದು ಕಾಣುತ್ತದೆ.

ಉತ್ತರ 3
ಬರೆದವರು: ಮೈಸೂರಿನ ಓದುಗಿ

ತಮ್ಮ ತಾಯಿಯವರ ಮಾತಿಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಅತ್ತೆಯವರಿಗೂ ಪೊರೆ ತೆಗೆಸಿದ ಮೇಲೆ ಇದೇ ತೊಂದರೆಯಾಯಿತು. ಪೊರೆ ಬೆಳೆದ ಕಣ್ಣಿನ ಮಸೂರ ಹಳದಿಗಟ್ಟಿರುತ್ತದೆ ಮತ್ತು ನೀಲಿ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತಿರುತ್ತದೆ. ಅದನ್ನು ತೆಗೆದು ಸ್ವಚ್ಛವಾದ ಕೃತಕ ಮಸೂರ ಹಾಕಿದ ಮೇಲೆ ಬಿಳಿಯೆಲ್ಲ ನೀಲಿ ಬೆರೆತಂತೆ ಕಾಣುತ್ತದೆ. ಅದರ ಮೇಲೆ 6500 ಕೆಲ್ವಿನ್‌ನ ಬಿಳಿಯ ಬಲ್ಬು ನೆತ್ತಿಯ ಮೇಲೆ ಬೆತ್ತಲೆಯಾಗಿ ನೇತಾಡುತ್ತಿದ್ದರೆ ಕಣ್ಣಿಗೆ ಚುಚ್ಚದೆ ಇನ್ನೇನಾಗುತ್ತದೆ? ಅಂಗಡಿಯಲ್ಲಿ ಕೇಳದೆ ಕೊಂಡರೆ ಸಾಮಾನ್ಯವಾಗಿ ಅದನ್ನೇ ಕೊಡುತ್ತಾರೆ. ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರುವುದು ಹಳೆಯ ಬಲ್ಬಿನ ಹೊಂಬಣ್ಣದ ಬೆಳಕು. 4000 ಎಂದಿರುವುದು ಇವೆರಡರ ನಡುವಿನದು. ನಾವು ಮಲಗುವ ಕೋಣೆಗೂ ನಡುಮನೆಗೂ 3000, ಅಡುಗೆಮನೆಗೆ 4000 ಹಾಕಿಸಿದೆವು. ಅತ್ತೆಯವರು ಆ ವಾರದಿಂದಲೇ ದೂರುವುದನ್ನು ನಿಲ್ಲಿಸಿದರು. ತೊಂದರೆ ಬಹಳವಾಗಿದ್ದರೆ ಕಣ್ಣಿನ ವೈದ್ಯರನ್ನು ಒಮ್ಮೆ ಕೇಳುವುದು ಇದ್ದೇ ಇದೆ.

ಅಕ್ಕಿಯಲ್ಲಿ ಕಲ್ಲು ಕಾಣದಿರುವುದು ಬೇರೆಯೇ ವಿಷಯ. ವಯಸ್ಸಾದ ಕಣ್ಣಿಗೆ ಅದೇ ಕೆಲಸಕ್ಕೆ ಯುವಕರಿಗಿಂತ ಎರಡು ಮೂರು ಪಟ್ಟು ಬೆಳಕು ಬೇಕಾಗುತ್ತದೆ, ಆದರೆ ಇಡೀ ಕೋಣೆಗಲ್ಲ, ಮೊರದ ಮೇಲೆ. ನಡುಮನೆಯ ಮಾಳಿಗೆಯಿಂದ ಬೀಳುವ ಬೆಳಕಿಗೆ ಬೆನ್ನು ಹಾಕಿ ಕುಳಿತರೆ ತಲೆಯ ನೆರಳೇ ಮೊರದ ಮೇಲೆ ಬೀಳುತ್ತದೆ. ಅವರು ಕೂರುವ ಜಾಗದ ಎಡಬದಿಯಲ್ಲಿ, ಭುಜದಿಂದ ಸ್ವಲ್ಪ ಮೇಲೆ, ಬೆಳಕು ಕೆಳಕ್ಕೆ ಮಾತ್ರ ಬೀಳುವಂತಹ ಬುಟ್ಟಿ ಹಾಕಿದ 7 ವಾಟ್‌ನ ಒಂದು ದೀಪ ಸಾಕು.

ಬಣ್ಣದ ಬಗ್ಗೆ ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಮೊದಲು ಹಾಕಿದ್ದ ಅಗ್ಗದ ಬಲ್ಬಿನ ಕೆಳಗೆ ಕುಂಕುಮ ಇಟ್ಟಿಗೆಪುಡಿಯಂತೆ ಕಾಣುತ್ತಿತ್ತು. ಸಂಜೆ ಅಂಗಡಿಯಲ್ಲಿ ಸೀರೆಗೆ ಹೊಂದಿಸಿ ತಂದ ರವಿಕೆಯ ಬಟ್ಟೆ ಬೆಳಿಗ್ಗೆ ಅಂಗಳದಲ್ಲಿ ನೋಡಿದರೆ ಬೇರೆಯೇ ಬಣ್ಣ. ಬಿಳಿಯ ಎಲ್‌ಇಡಿ ಎಂಬುದು ಮೂಲತಃ ನೀಲಿ ಎಲ್‌ಇಡಿಯ ಮೇಲೆ ಹಳದಿ ಲೇಪನ ಬಳಿದದ್ದು. ಆ ನೀಲಿ ಎಲ್‌ಇಡಿಗಾಗಿಯೇ 2014ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಇಸಾಮು ಅಕಸಾಕಿ, ಹಿರೋಷಿ ಅಮಾನೊ ಮತ್ತು ಶೂಜಿ ನಕಾಮುರ ಅವರಿಗೆ ಬಂದಿತು. ಲೇಪನ ಕಳಪೆಯಾಗಿದ್ದರೆ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆಯಿರುತ್ತದೆ, ಕೆಂಪು ವಸ್ತುಗಳೆಲ್ಲ ಕಳೆಗುಂದುತ್ತವೆ. ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಸಂಖ್ಯೆ ಇರುತ್ತದೆ, ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. 80ಕ್ಕಿಂತ ಕಡಿಮೆ ಬೇಡ, ಅಡುಗೆಮನೆಗೆ 90 ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತನ್ನಿ.

ಉತ್ತರ 4
ಬರೆದವರು: ಲೆಕ್ಕದವನು, ಬೆಂಗಳೂರು

ಎಲ್ಲರ ಮಾತನ್ನೂ ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ದೀಪ ಬದಲಾಯಿಸುವುದರಿಂದ ಮನೆಯ ಬಿಲ್ ಅರ್ಧವಾಗುತ್ತದೆ ಎಂಬ ನಂಬಿಕೆ ಹತ್ತು ವರ್ಷ ಹಿಂದಿನದು. 2014ರಲ್ಲಿ ಸರ್ಕಾರದ ಸಗಟು ಖರೀದಿಯಲ್ಲೇ ಒಂದು ಎಲ್‌ಇಡಿ ಬಲ್ಬಿಗೆ 310 ರೂಪಾಯಿ ಇತ್ತು. 2015ರ ಜನವರಿಯಲ್ಲಿ ಪ್ರಾರಂಭವಾದ ಉಜಾಲಾ ಯೋಜನೆಯಡಿ ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಂಡದ್ದರಿಂದ 2016ರ ಹೊತ್ತಿಗೆ ಅದು 38ಕ್ಕೆ ಇಳಿಯಿತು. ನಮ್ಮಲ್ಲಿ ಅದೇ ಯೋಜನೆ ಹೊಸ ಬೆಳಕು ಎಂಬ ಹೆಸರಿನಲ್ಲಿ ಬಂದದ್ದು ಅನೇಕರಿಗೆ ನೆನಪಿರಬಹುದು. ಬಿಲ್ ತೋರಿಸಿ 9 ವಾಟ್‌ನ ಬಲ್ಬುಗಳನ್ನು ಕೊಂಡು ತಂದಿದ್ದೆವು. ಆಗಿನ ಮನೆಯಲ್ಲಿ ದೀಪದ ಪಾಲು ದೊಡ್ಡದಿತ್ತು. ಈಗ ಫ್ರಿಜ್, ಮಿಕ್ಸಿ, ನೀರಿನ ಮೋಟಾರು, ಮೂರು ನಾಲ್ಕು ಫ್ಯಾನ್ ಎಲ್ಲ ಇವೆ. 75 ವಾಟ್‌ನ ಹಳೆಯ ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 22 ಯೂನಿಟ್ ದಾಟುತ್ತದೆ. ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಆದರೆ ಹತ್ತರ ಆಸುಪಾಸು. ಬೇಸಿಗೆಯಲ್ಲಿ ಮಾತ್ರ ಮಿತಿ ಮೀರುತ್ತದೆ ಎಂದರೆ ಅದಕ್ಕೆ ದೀಪ ಕಾರಣವಲ್ಲ, ಫ್ಯಾನ್ ಕಾರಣ. ಉಳಿದ ಹಣವನ್ನು ಮೊದಲು ಅಲ್ಲಿ ಹಾಕಿ.

ಉತ್ತರ 5
ಬರೆದವರು: ನಿವೃತ್ತ ಇಂಜಿನಿಯರ್, ಹಾಸನ

ಫ್ಯಾನಿನ ಮಾತು ಒಪ್ಪತಕ್ಕದ್ದೇ. ಆದರೆ ದೀಪದ ಪಾಲು ಚಿಕ್ಕದೆಂದು ಹೇಳುವ ಮೊದಲು ಒಂದು ಪ್ರಶ್ನೆ ಕೇಳಬೇಕಾಗಿದೆ: ದೇವರ ಕೋಣೆಯಲ್ಲಿ ಹಗಲಿರುಳೂ ಉರಿಯುವ ಕೆಂಪು ಜೀರೋ ಬಲ್ಬು ಇದೆಯೇ? ಮಲೆನಾಡಿನ ಮನೆಗಳಲ್ಲಿ ಅದು ಇದ್ದೇ ಇರುತ್ತದೆ, ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೆಸರೇ ಜೀರೋ ಆಗಿರುವುದರಿಂದ. ವಾಸ್ತವವಾಗಿ ಆ ಹಳೆಯ ಬಲ್ಬು 12ರಿಂದ 15 ವಾಟ್ ತಿನ್ನುತ್ತದೆ. 15 ವಾಟ್ ಎಂದು ಹಿಡಿದರೆ ದಿನದ 24 ಗಂಟೆಗೆ 0.36 ಯೂನಿಟ್, ತಿಂಗಳಿಗೆ 10.8 ಯೂನಿಟ್. 9 ವಾಟ್‌ನ ಎಲ್‌ಇಡಿ ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 1.35 ಯೂನಿಟ್. ಅಂದರೆ ದೇವರ ಮುಂದಿನ ಆ ಒಂದು ಜೀರೋ ಬಲ್ಬು ಎಂಟು ಕೋಣೆಗಳ ಎಲ್‌ಇಡಿಗಳಷ್ಟು ವಿದ್ಯುತ್ತನ್ನು ಒಂದೇ ತಿನ್ನುತ್ತಿದೆ! ಅರ್ಧ ವಾಟ್‌ನ ಕೆಂಪು ಎಲ್‌ಇಡಿ ಹಾಕಿದರೆ ಇಡೀ ತಿಂಗಳಿಗೆ 0.36 ಯೂನಿಟ್ ಆಗುತ್ತದೆ. ತಮ್ಮ ಬೇಸಿಗೆಯ ಹತ್ತು ಯೂನಿಟ್ ಅಲ್ಲಿಯೇ ಸಿಗಬಹುದು.

ಉತ್ತರ 6
ಬರೆದವರು: ಕರಾವಳಿಯವಳು, ಕುಂದಾಪುರ

ಎಲ್ಲವನ್ನೂ ಬದಲಾಯಿಸುವ ಉತ್ಸಾಹದಲ್ಲಿ ನಾವು ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಮಳೆಗಾಲದಲ್ಲಿ ಬಟ್ಟೆಯ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು 15 ವಾಟ್‌ನ ಬಲ್ಬು ಉರಿಸುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಅದನ್ನೂ ನನ್ನ ಮಗ ಎಲ್‌ಇಡಿಗೆ ಬದಲಾಯಿಸಿದ. ಆ ಆಗಸ್ಟ್‌ನಲ್ಲಿ ಕಪಾಟು ತೆರೆದಾಗ ಒಳಗೆಲ್ಲ ಬೆಳ್ಳಗೆ ಬೆಳಕು, ರೇಷ್ಮೆ ಸೀರೆಗಳ ಮಡಿಕೆಯ ಮೇಲೂ ಬೆಳ್ಳಗೆ ಬೂಸ್ಟು. ಅಲ್ಲಿ ನಮಗೆ ಬೇಕಾಗಿದ್ದುದು ಬೆಳಕಲ್ಲ, ಬಿಸಿ. ಕೋಳಿಮರಿಗಳ ಗೂಡಿಗೂ ಇದೇ ಮಾತು ಅನ್ವಯಿಸುತ್ತದೆ. ಅಂಥ ಒಂದೆರಡು ಕಡೆಗಳಿಗಾಗಿ ಹಳೆಯ ಬಲ್ಬುಗಳನ್ನು ಎತ್ತಿಡಿ. ಬಟ್ಟೆ ತಗುಲದಂತೆ ಸುತ್ತ ತಂತಿಬಲೆ ಇರಲಿ.

ಅಂಗಳದ ದೀಪಕ್ಕೆ ಮಾತ್ರ ಹೊಂಬಣ್ಣದ ಎಲ್‌ಇಡಿ ಬಹಳ ಅನುಕೂಲ. ಮೊದಲ ಮಳೆಯ ಸಂಜೆ ರೆಕ್ಕೆಯ ಗೆದ್ದಲು ಟ್ಯೂಬ್‌ಲೈಟಿಗೆ ಮುತ್ತಿಕೊಂಡು ಊಟದ ತಟ್ಟೆಗೆ ಉದುರುತ್ತಿದ್ದ ಕಾಲವೊಂದಿತ್ತು. ಹಳದಿಯತ್ತ ವಾಲುವ ಬೆಳಕಿಗೆ ಹುಳುಗಳು ಅಷ್ಟಾಗಿ ಬರುವುದಿಲ್ಲ. ಪೂರ್ತಿ ನಿಲ್ಲುವುದಿಲ್ಲ, ಆದರೆ ಜಗುಲಿಯಲ್ಲಿ ಕುಳಿತು ಉಣ್ಣಬಹುದು.

ತೆಗೆದ ಟ್ಯೂಬುಗಳನ್ನೂ ಸಿಎಫ್‌ಎಲ್‌ಗಳನ್ನೂ ದಯವಿಟ್ಟು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಅವುಗಳಲ್ಲಿ ಪಾದರಸವಿದೆ, ಆ ಗೊಬ್ಬರ ತೋಟಕ್ಕೇ ಹೋಗುತ್ತದೆ. ಒಡೆಯದಂತೆ ಹಳೆಯ ಪೆಟ್ಟಿಗೆಯಲ್ಲಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಕೈಜಾರಿ ಒಡೆದರೆ ಕಿಟಕಿ ಬಾಗಿಲು ತೆರೆದು ಸ್ವಲ್ಪ ಹೊತ್ತು ಹೊರಗಿದ್ದು, ಆಮೇಲೆ ಪೊರಕೆಯಿಂದ ಗುಡಿಸದೆ ದಪ್ಪ ಕಾಗದದಿಂದ ಎತ್ತಿ ತೆಗೆಯಿರಿ.

ಪ್ರಶ್ನೆ ಕೇಳಿದವರಿಂದ
ಬರೆದವರು: ಜಗುಲಿಮನೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ಕಳೆದ ವಾರ ಊರಿಗೆ ಹೋಗಿ ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ ಮೇನ್ ಸ್ವಿಚ್ಚಿನ ಪೆಟ್ಟಿಗೆಯನ್ನು ತೆರೆಸಿದೆ. ನ್ಯೂಟ್ರಲ್ ಕಟ್ಟುವ ಹಿತ್ತಾಳೆಯ ಕಡ್ಡಿಯಲ್ಲಿ ಒಂದು ತಿರುಪು ಸಡಿಲವಾಗಿ, ಅದರ ಸುತ್ತಲಿನ ತಂತಿಯ ಹೊದಿಕೆ ಎರಡು ಬೆರಳಷ್ಟು ಉದ್ದಕ್ಕೆ ಕಪ್ಪಾಗಿ ಕರಗಿತ್ತು. ತುದಿಯನ್ನು ಕತ್ತರಿಸಿ ಹೊಸದಾಗಿ ಬಿಗಿದ ಮೇಲೆ, ತಂದೆಯವರ ಒತ್ತಾಯದಂತೆ ಕೊಟ್ಟಿಗೆಗೆ ಹಳೆಯ 60ರ ಬಲ್ಬನ್ನು ಹಾಕಿ ಮೋಟಾರು ಚಾಲೂ ಮಾಡಿ ನೋಡಿದೆವು. ಬೆಳಕು ಅಲುಗಾಡಲಿಲ್ಲ. ಆ ಬಲ್ಬನ್ನು ಅವರು ಈಗ ಪರೀಕ್ಷೆಗೆಂದು ಕಾಗದದಲ್ಲಿ ಸುತ್ತಿ ಮೇನ್ ಸ್ವಿಚ್ಚಿನ ಪಕ್ಕದ ಗೂಡಿನಲ್ಲಿಟ್ಟಿದ್ದಾರೆ.

ಕೆಟ್ಟ ಬಲ್ಬುಗಳಲ್ಲಿ ನಾಲ್ಕು ಸಿಕ್ಕವು. ಕೊಟ್ಟಿಗೆಯ ಮೂರರಲ್ಲಿ ಎರಡರ ಕೆಪಾಸಿಟರ್ ಉಬ್ಬಿತ್ತು, ಮೂರನೆಯದರಲ್ಲಿ ನನಗೆ ಏನೂ ತಿಳಿಯಲಿಲ್ಲ. ಬಚ್ಚಲುಮನೆಯದರ ತಟ್ಟೆ ಹುಬ್ಬಳ್ಳಿಯವರು ಹೇಳಿದಂತೆಯೇ ಕಂದುಬಣ್ಣಕ್ಕೆ ತಿರುಗಿ, ಎರಡು ಚಿಪ್‌ಗಳಲ್ಲಿ ಕಪ್ಪು ಚುಕ್ಕೆ ಇತ್ತು. ಜಗುಲಿಯ ಸ್ವಿಚ್ ನ್ಯೂಟ್ರಲ್‌ನಲ್ಲೇ ಇತ್ತು. ನಡುಮನೆಯದೂ, ಅಟ್ಟದ್ದೂ ಹಾಗೆಯೇ. ಮೊದಲೆರಡನ್ನು ಅಂದೇ ಸರಿಪಡಿಸಿದರು. ತಾಯಿಯವರ ಮೊರಕ್ಕೆ 4000 ಕೆಲ್ವಿನ್‌ನ 7 ವಾಟ್ ದೀಪವೊಂದನ್ನು ಬುಟ್ಟಿಯೊಳಗೆ ಇಳಿಬಿಟ್ಟಿದ್ದೇವೆ. ದೇವರ ಕೋಣೆಯ ಜೀರೋ ಬಲ್ಬು ಇತ್ತು, ಹೌದು. ಆದರೆ ಅದನ್ನು ತೆಗೆಯುವ ಮಾತಿಗೆ ತಂದೆಯವರು ಇನ್ನೂ ಒಪ್ಪಿಲ್ಲ, ಶ್ರಾವಣ ಕಳೆಯಲಿ ಎಂದಿದ್ದಾರೆ. ಅಟ್ಟದ ಸ್ವಿಚ್ಚಿನ ತಂತಿಯನ್ನು ಬದಲಾಯಿಸಲು ಹೆಂಚು ತೆಗೆಯಬೇಕಾಗಿರುವುದರಿಂದ ಮಳೆ ನಿಲ್ಲುವವರೆಗೆ ಆ ಹೋಲ್ಡರಿನಿಂದ ಬಲ್ಬನ್ನು ಬಿಚ್ಚಿ, ಸ್ವಿಚ್ಚಿನ ಮೇಲೆ ಪಟ್ಟಿ ಅಂಟಿಸಿ ಬಂದಿದ್ದೇನೆ.